ಗಣೇಶಮೂರ್ತಿಯ ಒಂದು ಶಭಾಷ್

ಸಾಗರದ ಗಣೇಶಮೂರ್ತಿಗೆ ಹೊಗಳುವುದೊಂದು ಚಟ. ಮದುವೆಮನೆಯಲ್ಲಿ ಮಜ್ಜಿಗೆ ಬಡಿಸುವವನಿಗೂ ಶಭಾಷ್ ಅನ್ನುವ ಆಸಾಮಿ. ಅವನ ಸಂಬಳಕ್ಕೆ ಹೊಂದುವ ದಾನವೆಂದರೆ ಅದೊಂದೇ. ಓದು ಮುಗಿಸಿ, ಸಿಕ್ಕ ಸಿಕ್ಕ ಅರ್ಜಿ ಹಾಕಿ, ಕೊನೆಗೆ ಒಂದು ಸಂಸ್ಥೆಯಲ್ಲಿ ಗುತ್ತಿಗೆ ಕೆಲಸ ಹಿಡಿದಿದ್ದ. ಕಣ್ಣು ಕಾಣದ ಹುಡುಗ ಹುಡುಗಿಯರ ಮೇಲೆ ಸೋಷಿಯಲ್ ಮೀಡಿಯಾ ಏನು ಪರಿಣಾಮ ಬೀರುತ್ತಿದೆ ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ಕೇಳಿಕೊಂಡು ಬರುವುದು. ಅವನು ಅದನ್ನು ಸಂಶೋಧನೆ ಎಂದು ಕರೆದರೆ, ಅವನಮ್ಮ ಕೇರಿಗೆಲ್ಲ ಜನಗಣತಿ ಎಂದು ಹೇಳಿಟ್ಟಿದ್ದಳು.

ಹೊಸನಗರದ ತನುಜಾ ಅವನಿಗೆ ಸಿಕ್ಕಿದ್ದು ಆ ತಿರುಗಾಟದಲ್ಲೇ. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ, ಡಿಗ್ರಿ ಮುಗಿಸಿದ್ದಾಳೆ. ಇನ್‌ಸ್ಟಾದಲ್ಲಿ 'ಹಿಂದಿನ ಸೀಟು' ಎಂಬ ಹೆಸರಿನಲ್ಲಿ ಬಸ್ ಕಂಡಕ್ಟರ್, ಚಿಲ್ಲರೆಗೆ ಜಗಳ ಕಾಯುವ ಅಜ್ಜಿ, ಕಿಟಕಿ ಬಿಟ್ಟುಕೊಡದ ಮಾಸ್ತರು, ಎಲ್ಲರ ದನಿಯನ್ನೂ ಒಬ್ಬಳೇ ತೆಗೆಯುತ್ತಾಳೆ. ಕಾಣುವುದು ಖಾಲಿ ಸೀಟಿನ ಚಿತ್ರ ಮಾತ್ರ. ಮಾತಾಡುವವಳು ಯಾರು, ಹೇಗಿದ್ದಾಳೆ ಎಂಬುದು ಕೇಳುವ ಯಾರಿಗೂ ಗೊತ್ತಿರಲಿಲ್ಲ.

"ಅದ್ರಿಂದ ನಿಮ್ಗೆ ಏನು ಸಿಗ್ತದೆ?" ಎಂದು ಗಣೇಶಮೂರ್ತಿ ಕೇಳಿದ್ದ.

"ಬೈಗುಳ ಸಿಗ್ತದೆ ಸರ್," ಎಂದು ತನುಜಾ ನಕ್ಕಿದ್ದಳು. "ತೀರ್ಥಹಳ್ಳಿಯವ ಒಬ್ಬ ಇದಾನೆ, ಅಜಯ್ ಅಂತ. ನಾನು ಏನು ಹಾಕಿದ್ರೂ ತಪ್ಪು ಹುಡುಕ್ತಾನೆ. ಒಂದ್ಸಲ ನನ್ನ ಆ ಚಿಲ್ಲರೆ ಅಜ್ಜಿ ಬೇರೆ ಬಸ್ ಹತ್ತಿದ್ಲು ಅಂತ ಮಾಡಿದ್ದೆ. 'ಬೋರ್ಡ್ ನೋಡದೆ ಹತ್ತಿಸ್ತೀಯಲ್ಲೇ, ಕಣ್ಣಿಲ್ವಾ ನಿಂಗೆ?' ಅಂತ ಬರ್ದ. ಅದನ್ನ ಫೋನಲ್ಲಿ ಎಷ್ಟು ಸಲ ಓದಿಸ್ಕೊಂಡೆನೋ! ಕಣ್ಣಿಲ್ವಾ ಅಂತ ನನ್ನನ್ನ ಅಳುಕದೆ ಕೇಳಿದವ ಅವನೊಬ್ಬನೇ."

ಹೊರಡುವಾಗ ಗಣೇಶಮೂರ್ತಿ ಸಂಸ್ಥೆಯವರು ಕಲಿಸಿದ ವಾಕ್ಯವನ್ನು ದೇವರ ಮುಂದೆ ಮಂತ್ರ ಹೇಳಿದ ಹಾಗೆ ಒಪ್ಪಿಸಿದ್ದ: "ನಿಮ್ಮ ವಿಷಯ ಯಾರಿಗೂ ತಿಳಿಯುವುದಿಲ್ಲ." ಮಂತ್ರದ ಅರ್ಥ ಯಾರು ನೋಡುತ್ತಾರೆ?

ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಅವಳ ಹೊಸ ಕಂಡಕ್ಟರ್ ದನಿಯನ್ನು ಫೋನಿನಲ್ಲಿ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ಬೆರಳು ಸುಮ್ಮನಿರಲಿಲ್ಲ. 'ಕಣ್ಣು ಕಾಣದಿದ್ದರೂ ಎಂಥ ಪ್ರತಿಭೆ! ಶಭಾಷ್ ತಂಗಿ!' ಎಂದು ಕೆಳಗೆ ಬರೆದ. ಒಳ್ಳೆಯ ಕೆಲಸ ಮಾಡಿದವನ ನೆಮ್ಮದಿಯಲ್ಲಿ ಆನಂದಪುರದವರೆಗೆ ನಿದ್ದೆಯನ್ನೂ ಮಾಡಿದ.

ಎಚ್ಚರವಾದಾಗ ಅವನ ಮಾತಿಗೆ ರಾಶಿ ಮೆಚ್ಚುಗೆ ಬಿದ್ದಿತ್ತು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರ, ಅಳುವ ಮುಖ. 'ಅಯ್ಯೋ ಪಾಪ', 'ಪಾಪ, ದೇವರು ಹೀಗೆ ಮಾಡಬಾರದಿತ್ತು'. 'ಯಾರಿಗೂ ತಿಳಿಯುವುದಿಲ್ಲ' ಎಂದು ತಾನು ಒಪ್ಪಿಸಿದ ಮಂತ್ರ ಆಗ ನೆನಪಾಯಿತು. ಬರೆದದ್ದನ್ನು ಅಳಿಸಿದ. ಅಷ್ಟರಲ್ಲಿ ಅದು ಅಳಿಸಿ ಹೋಗುವ ಮಾತಾಗಿ ಉಳಿದಿರಲಿಲ್ಲ.

ಮಾರನೆಯ ದಿನ ಮತ್ತೆ ಹೊಸನಗರದ ಬಸ್ಸು ಹತ್ತಿದ. ಬಾಗಿಲಲ್ಲೇ ತನುಜಾಳ ತಾಯಿ ಯಶೋಧಾ ಸಿಕ್ಕಿದರು.

"ಬಂದ್ರಾ ಸರ್? ನಮ್ ಹುಡುಗಿಗೆ ಎಷ್ಟು ಜನ ಕೈಮುಗ್ದಿದಾರಂತೆ! ನಿಮ್ಮಿಂದ್ಲೇ ಅಂತೆ. ಕೂತ್ಕೊಳಿ, ಚಾ ತರ್ತೀನಿ."

ಒಳಗೆ ತನುಜಾ ಫೋನನ್ನು ಅವನ ಕಡೆ ಚಾಚಿದಳು. ಪರದೆ ಓದುವ ಆ ಯಂತ್ರದ ಸಪ್ಪೆ ದನಿ ಶುರುವಾಯಿತು: "ಪಾಪ. ಮುಗಿದ ಕೈಗಳು. ಅಳುವ ಮುಖ. ಪಾಪ. ಪಾಪ."

"ನಾನು ಅಳಿಸ್ಬಿಟ್ಟೆ," ಎಂದ ಗಣೇಶಮೂರ್ತಿ.

"ಅಜಯನೂ ಅಳಿಸಿದ. ಇಷ್ಟು ದಿನ ಬರ್ದಿದ್ದನ್ನೆಲ್ಲ. ಆ 'ಕಣ್ಣಿಲ್ವಾ ನಿಂಗೆ' ಅನ್ನೋದನ್ನೂ. 'ಕ್ಷಮಿಸಿ ಅಕ್ಕ, ನಿಮ್ಮ ಸ್ಥಿತಿ ಗೊತ್ತಿರಲಿಲ್ಲ' ಅಂತ ಹಾಕಿದಾನೆ. ನನ್ನ ಸ್ಥಿತಿ ಚೆನ್ನಾಗೇ ಇತ್ತು ಸರ್, ನಿನ್ನೆ ಮಧ್ಯಾಹ್ನದ ತನಕ."

"ನಾನು ಒಳ್ಳೇದಕ್ಕೇ…"

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ. ಪಾಪ ಮಾಡಿದ್ದು ನೀವು, ಪಾಪ ಅನ್ನಿಸ್ಕೊಂಡಿದ್ದು ನಾನು."

ಯಶೋಧಾ ಚಹಾ ತಂದರು, ಜೊತೆಗೆ ಕೋಡುಬಳೆ. ಅದನ್ನು ಅಗಿಯುವ ಸದ್ದು ತನ್ನ ಕಿವಿಗೇ ಅಪರಾಧದಂತೆ ಕೇಳಿ, ಗಣೇಶಮೂರ್ತಿ ಚಹಾದಲ್ಲಿ ನೆನೆಸಿ ನುಂಗಿದ.

"ಆ ಅಜಯನ ಹತ್ರ ನಾನು ಮಾತಾಡ್ಲಾ?"

"ಇನ್ನೇನೂ ಉಪಕಾರ ಮಾಡ್ಬೇಡಿ ಸರ್. ಕೈಮುಗೀತೀನಿ."

ಬೇಡ ಎಂದರೆ ಬಿಡುವವನಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮರುದಿನ, ಅಜಯನ ಇನ್‌ಸ್ಟಾ ಪುಟದಲ್ಲಿ ವಿಳಾಸ ನೋಡಿ, ತೀರ್ಥಹಳ್ಳಿಯಲ್ಲಿ ಅವನ ಮೊಬೈಲ್ ರಿಪೇರಿ ಅಂಗಡಿ ಹುಡುಕಿಕೊಂಡು ಹೋದ. ಫೋನೊಂದರ ಹೊಟ್ಟೆ ಬಿಚ್ಚಿಟ್ಟುಕೊಂಡಿದ್ದ ಅಜಯ್ ಎಲ್ಲ ಕೇಳಿ ತಲೆ ಕೆರೆದುಕೊಂಡ.

"ಅಂದ್ರೆ, ಅವಳನ್ನ ಬೈಯಿ ಅಂತ ಹೇಳಕ್ಕೆ ಸಾಗರದಿಂದ ಬಂದ್ರಾ?"

"ಮೊದಲಿನ ಹಾಗೆ ಬೈದ್ರೆ ಸಾಕು."

"ಹೆಂಗೆ ಬೈಲಿ ಮಾರಾಯ್ರೆ, ಗೊತ್ತಾದ್ಮೇಲೆ?"

"ಗೊತ್ತಿಲ್ಲ ಅಂತ ತಿಳ್ಕೊಳಿ."

"ನೀವು ಗೊತ್ತಿಲ್ಲ ಅಂತ ತಿಳ್ಕೊಂಡು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲ!"

ಆದರೂ ಅಜಯ್ ಸ್ಕ್ರೂಡ್ರೈವರ್ ಕೆಳಗಿಟ್ಟು ಬರೆದ: 'ಇವತ್ತು ನಿಮ್ಮ ಅಜ್ಜಿಯ ಧ್ವನಿ ಸ್ವಲ್ಪ ಸಪ್ಪೆಯಾಗಿತ್ತು. ಬೇಜಾರು ಮಾಡ್ಕೋಬೇಡಿ.' ಓದಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಬೈಗುಳಕ್ಕೆ ಬಹುವಚನ ಹತ್ತಿಬಿಟ್ಟಿತ್ತು.

ತನುಜಾಳಿಂದ ಕೂಡಲೇ ಉತ್ತರ ಬಂತು: 'ಸಾಗರದವರು ನಿಮ್ಮ ಪಕ್ಕದಲ್ಲೇ ಇದ್ದಾರಾ?'

ಆಮೇಲೆ 'ಹಿಂದಿನ ಸೀಟು' ಮೌನವಾಯಿತು. ಸಂಸ್ಥೆಯವರು ವರದಿ ಕೇಳುತ್ತಿದ್ದರು. ಸೋಷಿಯಲ್ ಮೀಡಿಯಾದಿಂದ ಈ ಹುಡುಗಿಗೆ ಆದ ತೊಂದರೆ ಯಾವುದು ಎಂಬಲ್ಲಿಗೆ ಬಂದಾಗಲೆಲ್ಲ ಗಣೇಶಮೂರ್ತಿಗೆ ತನ್ನ ಹೆಸರೇ ಹೊಳೆಯುತ್ತಿತ್ತು.

ಒಂದು ಬೆಳಿಗ್ಗೆ ಅವಳ ಹೊಸ ದನಿ ಬಂತು. ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ; ಡ್ರೈವರ್ ಬ್ರೇಕ್ ಹಾಕಿದರೂ ಹೊಗಳುತ್ತಾನೆ, ಟೈರ್ ಪಂಚರಾದರೂ ಹೊಗಳುತ್ತಾನೆ. ಕಂಡಕ್ಟರ್ ಸೀಟಿ ಊದಿ ಕಾಡಿನ ಮಧ್ಯೆ ಇಳಿಸಿದರೆ ಅವನನ್ನೂ ಹೊಗಳುತ್ತಾನೆ. ದನಿ ಗಣೇಶಮೂರ್ತಿಯದೇ. ಹೊಗಳುವ ಮುಂಚೆ ಮೂಗಿನಲ್ಲಿ ಎಳೆದುಕೊಳ್ಳುವ ಉಸಿರೂ ಅವನದೇ. ಕೇಳುತ್ತ ಕೇಳುತ್ತ ಅವನ ಕಿವಿ ಬಿಸಿಯಾಯಿತು.

ಕೆಳಗೆ ಅಜಯ್ ಬರೆದಿದ್ದ: 'ಆ ಸಾಗರದವನ ಮಾತು ನಾನೇ ಕಿವಿಯಾರೆ ಕೇಳಿದೀನಿ ಕಣೇ. ಅವನ ದನಿ ಇನ್ನೂ ಕೀರಲು. ಬರದಿದ್ರೆ ಬಿಡು, ಹಾಳು ಮಾಡ್ಬೇಡ.'

'ನಿನ್ನ ಅಂಗಡೀಲಿ ಅವ್ರು ಹೆದರಿ ಕೀರಲಾಗಿರ್ತಾರೆ ಕಣೋ,' ಎಂದು ತನುಜಾ ತಿರುಗೇಟು ಕೊಟ್ಟಿದ್ದಳು.

ಗಣೇಶಮೂರ್ತಿ ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದ. ಆಮೇಲೆ ಬೆರಳಿನಿಂದ ಕೆಳಗೆ ಸರಿಸಿದ. ಉಳಿದವರೆಲ್ಲ ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು, ಗುರುತಿಲ್ಲದ ಊರಿನವರು, ಗುರುತಿಲ್ಲದ ಹೆಸರಿನವರು. ಅಷ್ಟೂ ಜನರ ಮನೆಗೆ ಹೋಗಿ, ದಯವಿಟ್ಟು ಆ ಹುಡುಗಿಯನ್ನು ಬೈಯಿರಿ ಎಂದು ಕೇಳಿಕೊಂಡು ಬರಲು ಸಾಗರದಿಂದ ಯಾವ ಬಸ್ಸೂ ಇರಲಿಲ್ಲ.