ಅರೇಹಳ್ಳಿಗೆ ಹಚ್ಚಿದ ಹಸಿರು

೨೦೦೬ರಲ್ಲಿ ನಾನು ಅರಸೀಕೆರೆಯಲ್ಲಿದ್ದೆ. ನನ್ನ ಹುದ್ದೆಯ ಹೆಸರು ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಕೆಲಸವನ್ನು ಮಾತ್ರ ಒಂದೇ ವಾಕ್ಯದಲ್ಲಿ ಹೇಳಬಹುದು: ಶಾಲಾ ಮಕ್ಕಳ ಮಲವನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಿ, ಯಾವ ಊರಿನ ಮಕ್ಕಳ ಹೊಟ್ಟೆಯಲ್ಲಿ ಯಾವ ಹುಳು ಎಷ್ಟಿದೆ ಎಂದು ನಕ್ಷೆಯಲ್ಲಿ ಗುರುತಿಸುವುದು. ನಮ್ಮ ಅತ್ತೆ ಈ ವಾಕ್ಯವನ್ನು ಅಕ್ಕಪಕ್ಕದವರಿಗೆ ಹೇಳಲಾರದೆ, "ನಮ್ಮ ಸೊಸೆ ನಕ್ಷೆ ಆಫೀಸ್ನಲ್ಲಿದಾಳೆ" ಎನ್ನುತ್ತಿದ್ದರು. ಅದೂ ಸುಳ್ಳಲ್ಲ.

ನಕ್ಷೆಗೆ ಮೂರು ಬಣ್ಣ. ಪರೀಕ್ಷಿಸಿದ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಮಂದಿಗೆ ಹುಳುವಿದ್ದರೆ ಹಸಿರು. ಅಂಥ ಕಡೆ ಎಲ್ಲರಿಗೂ ಹುಳುವಿನ ಮಾತ್ರೆ ಕೊಡುವುದಿಲ್ಲ. ಇಪ್ಪತ್ತರಿಂದ ಐವತ್ತರವರೆಗೆ ಹಳದಿ. ವರ್ಷಕ್ಕೊಮ್ಮೆ ಇಡೀ ಶಾಲೆಗೆ ಆಲ್ಬೆಂಡಜೋಲ್ ಮಾತ್ರೆ. ಅದಕ್ಕೂ ಮೇಲಾದರೆ ಕೆಂಪು. ವರ್ಷಕ್ಕೆ ಎರಡು ಸಲ. ನಾನು ಹಚ್ಚುವ ಬಣ್ಣವನ್ನು ನೋಡಿಯೇ ಜಿಲ್ಲಾ ಕಚೇರಿಯಲ್ಲಿ ಮಾತ್ರೆಗಳ ಪಟ್ಟಿ ತಯಾರಾಗುತ್ತಿತ್ತು.

ವಿಧಾನವೂ ಸರಳ. ಹಿಂದಿನ ದಿನ ಮಕ್ಕಳಿಗೆ ಮುಚ್ಚಳವಿರುವ ಪುಟ್ಟ ಡಬ್ಬಿ ಕೊಡುತ್ತೇವೆ, ಬೆಳಿಗ್ಗೆ ತುಂಬಿಸಿ ತರುತ್ತಾರೆ. ಅದರಿಂದ ಕಡಲೆಕಾಳಿನಷ್ಟನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ತುಂಡು ಮುಚ್ಚಿ ಒತ್ತಿದರೆ ತೆಳುವಾಗಿ ಹರಡುತ್ತದೆ. ಗ್ಲಿಸರಿನ್ ನಿಧಾನವಾಗಿ ಕಸವನ್ನೆಲ್ಲ ಪಾರದರ್ಶಕ ಮಾಡುತ್ತದೆ; ಹುಳುಗಳ ಮೊಟ್ಟೆ ಎದ್ದು ಕಾಣುತ್ತದೆ. ಅರಸೀಕೆರೆ ಮತ್ತು ಹಳೇಬೀಡಿನ ಕಡೆಯ ಶಾಲೆಗಳನ್ನು ಹೀಗೆಯೇ ಮುಗಿಸಿದ್ದೆವು. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ದುಂಡುಹುಳು. ಅದರ ಮೊಟ್ಟೆಯ ಚಿಪ್ಪು ಗಟ್ಟಿ. ಸ್ಲೈಡನ್ನು ಎರಡು ಗಂಟೆ ಬಿಟ್ಟು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಬೆಳಿಗ್ಗೆ ಸ್ಲೈಡು ಮಾಡಿಟ್ಟು, ಊಟ ಮುಗಿಸಿ ಬಂದು ನೋಡುವುದು ನಮಗೆ ಅಭ್ಯಾಸವಾಯಿತು.

'ನಮಗೆ' ಎಂದರೆ ನಾನು ಮತ್ತು ಲ್ಯಾಬ್ ಟೆಕ್ನಿಷಿಯನ್ ರಂಗಸ್ವಾಮಿ. ಅವರು ಅರಸೀಕೆರೆಯವರೇ, ಕೊಬ್ಬರಿ ವ್ಯಾಪಾರದ ಮನೆಯವರು. ಸುಳ್ಳು ಹೇಳಲು ಬಾರದ ಮನುಷ್ಯ. ಈ ಗುಣವೇ ನಮ್ಮನ್ನು ಒಮ್ಮೆ ಬಸ್ಸಿನಿಂದ ಇಳಿಸಿತು.

ಜುಲೈನಲ್ಲಿ ಬೇಲೂರು ತಾಲ್ಲೂಕಿನ ಪಶ್ಚಿಮಕ್ಕಿರುವ ಅರೇಹಳ್ಳಿ ಹೋಬಳಿಯ ಸರದಿ ಬಂತು. ಅಲ್ಲಿ ಮೂರು ಶಾಲೆ, ಶಾಲೆಗೆ ಐವತ್ತು ಡಬ್ಬಿ. ನಮ್ಮ ಜೀಪನ್ನು ಬೇರೆ ಕೆಲಸಕ್ಕೆ ಕೊಟ್ಟಿದ್ದರಿಂದ ಮೊದಲ ದಿನ ಮಕ್ಕಳು ತುಂಬಿಸಿ ತಂದ ಡಬ್ಬಿಗಳನ್ನು ಎರಡು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಆಸ್ಪತ್ರೆಯ ಲ್ಯಾಬಿನಲ್ಲಿ ನೋಡೋಣವೆಂದು ಬೇಲೂರಿನ ಬಸ್ಸು ಹತ್ತಿದೆವು. ಕಂಡಕ್ಟರು ಪೆಟ್ಟಿಗೆ ನೋಡಿದ.

"ಏನ್ ಸಾರ್ ಇದು, ಲಗೇಜ್ ಹಾಕ್ಬೇಕಾ?"

"ಸ್ಯಾಂಪಲ್ ಕಣ್ರೀ," ಎಂದರು ರಂಗಸ್ವಾಮಿ.

"ಕಾಫಿ ಬೀಜದ್ದಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ರಂಗಸ್ವಾಮಿ ನನ್ನ ಮುಖ ನೋಡಿದರು, ಕಿಟಕಿ ನೋಡಿದರು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕಂಡಕ್ಟರು ಕೋಪಿಸಿಕೊಳ್ಳಲಿಲ್ಲ, "ಸಾರ್, ಒಂದಾ ನೀವಿಳೀರಿ, ಇಲ್ಲಾ ಅರ್ಧ ಬಸ್ಸು ಇಳೀತದೆ" ಎಂದು ವಿನಯದಿಂದಲೇ ಸೀಟಿ ಊದಿದ.

ಆ ಶಾಲೆಗೆ ಮತ್ತೆ ಹೊಸ ಡಬ್ಬಿ ಕೊಟ್ಟು, ಮಾರನೆಯ ದಿನದಿಂದ ಉಪಾಯ ಮಾಡಿದೆವು. ಶಾಲೆಯ ಜಗಲಿಯಲ್ಲೇ ಸ್ಲೈಡು ತಯಾರಿಸಿ, ಡಬ್ಬಿಗಳನ್ನು ಅಲ್ಲೇ ಗುಂಡಿಯಲ್ಲಿ ಮುಚ್ಚಿ, ಸ್ಲೈಡುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬಸ್ಸು ಹತ್ತುವುದು. ವಾಸನೆಯಿಲ್ಲ, ಪ್ರಶ್ನೆಯಿಲ್ಲ. ಬೇಲೂರಿಗೆ ಬಂದು, ಊಟ ಮಾಡಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ನೋಡುವುದು. ಈ ಉಪಾಯ ನನ್ನದು ಎಂದೇ ನನ್ನ ನೆನಪು. ಆ ದಿನದ ಡೈರಿಯಲ್ಲಿ "ರಂಗಸ್ವಾಮಿಯ ಸಲಹೆ, ಒಳ್ಳೆಯದು" ಎಂದಿದೆ. ಯಾರದೇ ಆಗಿರಲಿ, ಒಪ್ಪಿದವಳು ನಾನು.

ಮೂರು ಶಾಲೆಗಳಲ್ಲೂ ದುಂಡುಹುಳು ಅಲ್ಲೊಂದು ಇಲ್ಲೊಂದು. ಕೊಕ್ಕೆಹುಳು ಒಂದೂ ಇಲ್ಲ. ಕೊಕ್ಕೆಹುಳು ಎಂದರೆ ಒದ್ದೆ ಮಣ್ಣಿನಲ್ಲಿ ಮರಿಯಾಗಿದ್ದು, ಬರಿಗಾಲಿನ ಚರ್ಮ ತೂರಿ ಒಳಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಕಾಫಿ ತೋಟದ ನೆರಳು, ತೇವದ ಮಣ್ಣು, ಬರಿಗಾಲಿನ ಮಕ್ಕಳು: ಅದು ಇರಬೇಕಾದ ಜಾಗವೇ ಅದು. ಆದರೂ ಅಂಕಿ ಹಾಗೆ ಹೇಳಿತು, ನಾನು ಅರೇಹಳ್ಳಿಗೆ ಹಸಿರು ಹಚ್ಚಿದೆ. ಶುಕ್ರವಾರ ನಕ್ಷೆ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು.

ಅದಕ್ಕೂ ಮೊದಲು, ಸೋಮವಾರ, ಬೇಲೂರಿನಲ್ಲಿ ಆರೋಗ್ಯ ಸಹಾಯಕಿಯರ ಸಭೆ. ಗೋಡೆಗೆ ನಕ್ಷೆ ತೂಗುಹಾಕಿ ವಿವರಿಸಿದೆ. ಎಲ್ಲರೂ ಚಹಾಕ್ಕೆ ಎದ್ದಾಗ ಕಮಲಮ್ಮ ಎದ್ದು ಬಂದು ನಕ್ಷೆಯ ಮುಂದೆ ನಿಂತರು. ಅರೇಹಳ್ಳಿ ಕಡೆ ಹದಿನೆಂಟು ವರ್ಷ ಮನೆಮನೆ ತಿರುಗಿದ ಆರೋಗ್ಯ ಸಹಾಯಕಿ. ನಮಗೆ ಡಬ್ಬಿ ಹಂಚಿಸಿಕೊಟ್ಟವರೂ ಅವರೇ.

"ಮೇಡಂ, ನಿಮ್ ನಕ್ಷೇಲಿ ನಮ್ಮೂರು ಹಸ್ರಾಗೈತೆ. ನಮ್ಮ ಮಕ್ಕಳ ಕಣ್ಣು ನೋಡಿದ್ರೆ ಬೆಳ್ಳಗವೆ."

"ಊಟ ಸಾಲದೇ ರಕ್ತ ಕಡಿಮೆ ಇರಬಹುದು ಕಮಲಮ್ಮನವರೇ."

"ಉಣ್ಣೋ ಮಕ್ಕಳದ್ದೂ ಹಂಗೇ ಐತೆ. ಏಳನೇ ಕ್ಲಾಸಿನ ರತ್ನ ಅಂತ ಒಬ್ಬಳವಳೆ, ಪ್ರೇಯರ್ ಮುಗಿಯೋಗಂಟ ನಿಂತ್ಕಳಕ್ಕಾಗಲ್ಲ, ಕೂತ್ಬಿಡ್ತಾಳೆ. ಮೇಷ್ಟ್ರು ಸೋಮಾರಿ ಅಂತಾರೆ. ಮಾತ್ರೆ ಬರ್ತದೆ ಕಣವ್ವ ಅಂತ ಅವಳಿಗೆ ಹೇಳ್ಬಿಟ್ಟಿವ್ನಿ. ಈಗ ಏನ್ ಹೇಳ್ಲಿ?"

ಆ ಮಾತಿಗೆ ನಾನು ತಕ್ಷಣ ಎಚ್ಚೆತ್ತೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇದನ್ನು ಬರೆಯಲು ಕೂತಾಗ ಡೈರಿ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಹೀಗಿದೆ: "ಕಮಲಮ್ಮ ಅನುಭವಸ್ಥೆ. ಆದರೆ ಅನುಭವ ಅಂಕಿಯಲ್ಲ." ಎಚ್ಚರ ಕಮಲಮ್ಮನದು, ನನ್ನದಲ್ಲ.

ಬುಧವಾರ ಹನ್ನೊಂದರ ಹೊತ್ತಿಗೆ ಅವರು ಬೇಲೂರಿನ ಲ್ಯಾಬಿಗೆ ಬಂದರು. ಕೈಯಲ್ಲಿ ಲಸಿಕೆ ಒಯ್ಯುವ ನೀಲಿ ಡಬ್ಬ.

"ಇದರಲ್ಲಿ ಏನ್ ಸಿಸ್ಟರ್?" ಎಂದರು ರಂಗಸ್ವಾಮಿ.

"ರತ್ನಂದು. ಬೆಳಿಗ್ಗೇದು. ಹೆದರ್ಬ್ಯಾಡಿ, ಇದು ಮುಚ್ಚಳ ಸೀಳಿರೋ ಹಳೇ ಡಬ್ಬ, ಲಸಿಕೆ ಇದರಾಗೆ ಇಡಕ್ಕಿಲ್ಲ. ಅದೇ ಕಂಡಕ್ಟರು, ಜಾಗ ಬಿಟ್ಟು ಕೂರಿಸ್ದ. ಮಕ್ಕಳ ಔಷಧೀನಾ ಸಿಸ್ಟರ್ ಅಂದ. ಹೂಂ, ಅದಕ್ಕೇ ಹೊಂಟಿರೋದು ಅಂದೆ."

ರಂಗಸ್ವಾಮಿ ನಗುತ್ತಲೇ ಸ್ಲೈಡು ಮಾಡಿಕೊಟ್ಟರು. ಕಮಲಮ್ಮ ಎದುರಿಗೇ ನಿಂತಿದ್ದರಿಂದ, ಕಾಯಿಸುವುದು ಚೆನ್ನಲ್ಲವೆಂದು, ಆಗಲೇ ನೋಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ಗಾಜಿನಡಿ ತೆಳು ಚಿಪ್ಪಿನ, ಅಂಡಾಕಾರದ, ಒಳಗೆ ನಾಲ್ಕೈದು ಕೋಶಗಳು ಗುಂಪಾಗಿರುವ ಮೊಟ್ಟೆಗಳು. ಒಂದಲ್ಲ, ಹತ್ತಲ್ಲ. ಕೊಕ್ಕೆಹುಳು. ರಂಗಸ್ವಾಮಿ ನೋಡಿದರು. ಕಮಲಮ್ಮನಿಗೂ ತೋರಿಸಿದೆವು.

"ಗುಂಡಗೆ ಸಬ್ಬಕ್ಕಿ ಇದ್ದಂಗವೆ," ಎಂದರು ಅವರು.

ಪಾಪ ಒಂದು ಮಗುವಿಗೆ ಹೀಗಾಗಿದೆ, ಹಾಗೆಂದು ಹೋಬಳಿಯ ಲೆಕ್ಕ ಬದಲಾಗುವುದಿಲ್ಲ ಎಂದು ನಾನು ಇನ್ನೂ ವಾದಿಸುತ್ತಿದ್ದೆ. ಮೂವರೂ ಆಸ್ಪತ್ರೆಯ ಎದುರಿಗಿದ್ದ ಹೋಟೆಲಿಗೆ ಹೋಗಿ ಇಡ್ಲಿ ತಿಂದು, ಕಾಫಿ ಕುಡಿದು ಬಂದೆವು. ಮುಕ್ಕಾಲು ಗಂಟೆ ಆಗಿರಬೇಕು. ಮೊಟ್ಟೆಗಳನ್ನು ಎಣಿಸಿ ಬರೆದಿಡೋಣವೆಂದು ಕಣ್ಣಿಟ್ಟೆ. ಒಂದೂ ಇರಲಿಲ್ಲ. ಸ್ಲೈಡು ಬದಲಾಗಿದೆ ಎಂದುಕೊಂಡೆ. ಮೇಜಿನ ಮೇಲೆ ಇದ್ದದ್ದು ಅದೊಂದೇ ಸ್ಲೈಡು.

"ಎಲ್ಹೋದ್ವು ಮೇಡಂ?" ಎಂದರು ಕಮಲಮ್ಮ. "ನಾವು ಕಾಫಿಗೆ ಹೋದಂಗೆ ಅವೂ ಹೋದ್ವಾ?"

ನಾನು ಗಡಿಯಾರ ನೋಡಿದೆ. ಕೊಕ್ಕೆಹುಳುವಿನ ಮೊಟ್ಟೆಯ ಚಿಪ್ಪು ಬಹಳ ತೆಳು. ಕಸವನ್ನು ಪಾರದರ್ಶಕ ಮಾಡುವ ಗ್ಲಿಸರಿನ್ ಅದನ್ನೂ ಕಾಣದಂತೆ ಮಾಡಿಬಿಡುತ್ತದೆ. ಅರ್ಧ ಗಂಟೆಯೊಳಗೆ ನೋಡಬೇಕು. ಇದು ಹೊಸ ವಿಷಯವಲ್ಲ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆದವಳು ನಾನು. ದುಂಡುಹುಳುವಿನ ಊರುಗಳಲ್ಲಿ ಬೆಳೆಸಿಕೊಂಡ ಊಟದ ನಂತರದ ಅಭ್ಯಾಸ, ಬಸ್ಸಿನ ಮುಕ್ಕಾಲು ಗಂಟೆ, ಎರಡೂ ಸೇರಿ ಅರೇಹಳ್ಳಿಯ ಕೊಕ್ಕೆಹುಳುಗಳನ್ನೆಲ್ಲ ಅಳಿಸಿಹಾಕಿದ್ದವು.

"ತಪ್ಪು ನಂದೇ ಮೇಡಂ, ಸ್ಲೈಡ್ ಮಾಡ್ದೋನು ನಾನು," ಎಂದರು ರಂಗಸ್ವಾಮಿ.

"ಯಾವಾಗ ನೋಡ್ಬೇಕು ಅಂತ ಹೇಳಬೇಕಾದವಳು ನಾನಲ್ಲವಾ?"

"ಅದನ್ನ ಆಮೇಲೆ ಹಂಚ್ಕಳಿ. ಶುಕ್ರವಾರಕ್ಕೆ ಎರಡೇ ದಿನ ಐತೆ," ಎಂದರು ಕಮಲಮ್ಮ.

ಜಿಲ್ಲಾ ಅಧಿಕಾರಿಗಳಿಗೆ ಫೋನ್ ಮಾಡಿ, ನಕ್ಷೆ ತಪ್ಪಾಗಿದೆ, ಕಾರಣ ಇಂಥದ್ದು, ಜವಾಬ್ದಾರಿ ನನ್ನದು ಎಂದೆ. ಅವರು ಕೇಳಿದ್ದು ಒಂದೇ: "ಮತ್ತೆ ನೋಡೋಕೆ ಎಷ್ಟು ದಿನ ಬೇಕು?" ನಾನು ಒಂದು ವಾರ ಎಂದೆ. "ಸೋಮವಾರದವರೆಗೆ ಪಟ್ಟಿ ತಡೆದಿಡ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಡಬ್ಬಿಗಳು ಬೇಲೂರಿಗೆ ಬರುವುದು ಬೇಡ, ಮೈಕ್ರೋಸ್ಕೋಪೇ ಅರೇಹಳ್ಳಿಗೆ ಹೋಗಲಿ ಎಂದು ತೀರ್ಮಾನಿಸಿದೆವು. ಕರೆಂಟು ಬೇಡದೆ, ಕನ್ನಡಿಯಿಂದ ಬೆಳಕು ಹಿಡಿಯುವ ಹಳೆಯದೊಂದು ಅರಸೀಕೆರೆಯ ಕಪಾಟಿನಲ್ಲಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಜುಲೈ ತಿಂಗಳ ಮೋಡ. ಬಿಸಿಲು ಬಂದಾಗ ನೋಡಬೇಕು, ಹೋದಾಗ ಕೂರಬೇಕು. ಆದ್ದರಿಂದ ಒಂದೇ ಸಲ ಸ್ಲೈಡು ಮಾಡಿಡುವ ಹಾಗಿಲ್ಲ. ರಂಗಸ್ವಾಮಿ ನಾಲ್ಕು ಮಾಡುವುದು, ಕಮಲಮ್ಮ ಪ್ರತಿಯೊಂದರ ಅಂಚಿಗೂ ಸಮಯ ಬರೆಯುವುದು, ನಾನು ನೋಡುವುದು. ಮೋಡ ಬಂದು ಅರ್ಧ ಗಂಟೆ ಮೀರಿದರೆ ಅದನ್ನು ಬಿಟ್ಟು ಹೊಸದು ಮಾಡುವುದು. ಮಕ್ಕಳು ಜಗಲಿಯ ಸುತ್ತ ನಿಂತು ಆಕಾಶ ನೋಡಿ, "ಬಿಸ್ಲು ಬಂತು, ನೋಡಿ ಮಿಸ್" ಎಂದು ಕೂಗುತ್ತಿದ್ದರು. ತನ್ನ ಸ್ಲೈಡಿನಲ್ಲಿ ಏನೂ ಇಲ್ಲವೆಂದಾಗ ಒಬ್ಬ ಹುಡುಗ ಬೇಜಾರಾಗಿ, "ಇನ್ನೊಂದ್ಸಾರಿ ಸರ್ಯಾಗಿ ನೋಡಿ ಮಿಸ್, ಇರ್ತವೆ" ಎಂದ.

ಗುರುವಾರ, ಶುಕ್ರವಾರ, ಶನಿವಾರ ಮೂರು ಶಾಲೆ ಮುಗಿದವು. ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹೊಸ ನಕ್ಷೆಯೊಂದಿಗೆ ನಾನೇ ಹಾಸನಕ್ಕೆ ಹೋದೆ. ಅರೇಹಳ್ಳಿ ಕೆಂಪಾಗಿತ್ತು. ವರ್ಷಕ್ಕೆ ಎರಡು ಸಲದ ಪಟ್ಟಿಗೆ ಸೇರಿತು.

ಆಮೇಲೆ ನಾನು ಬೇರೆ ಜಿಲ್ಲೆಗಳಲ್ಲೂ ಇಂಥ ನಕ್ಷೆಗಳನ್ನು ಮಾಡಿದೆ. ಎಲ್ಲದಕ್ಕೂ ನಾಲ್ಕನೆಯ ಬಣ್ಣವೊಂದನ್ನು ಸೇರಿಸಿಕೊಂಡೆ: ಬಿಳಿ. ಇನ್ನೂ ಸರಿಯಾಗಿ ನೋಡಿಲ್ಲ ಎಂದು ಅದರ ಅರ್ಥ. ನನಗೆ ಕಾಣಲಿಲ್ಲ ಎನ್ನುವುದನ್ನು ಅಲ್ಲಿ ಇಲ್ಲ ಎಂದು ಬರೆದುಬಿಡುವುದು ನಮ್ಮ ಕೆಲಸದಲ್ಲಿ ಬಹಳ ಸುಲಭ. ಅದನ್ನು ಬರೆಯುವ ಮೊದಲು ಆ ಊರಿನಲ್ಲಿ ದಿನಾ ಓಡಾಡುವವರನ್ನು ಒಂದು ಮಾತು ಕೇಳಬೇಕು, ಅವರು ಹೇಳಿದ್ದಕ್ಕೆ ಪ್ರತಿವಾದ ಹುಡುಕುವ ಮೊದಲು ಗಡಿಯಾರ ನೋಡಬೇಕು.

ಎರಡನೆಯ ಸುತ್ತಿನ ಮಾತ್ರೆ ಮುಗಿದ ಮೇಲೆ ಕಮಲಮ್ಮ ಫೋನ್ ಮಾಡಿದ್ದರು. ರತ್ನ ಹೇಗಿದ್ದಾಳೆ ಎಂದು ಕೇಳಿದೆ. ಕಬ್ಬಿಣಾಂಶದ ಮಾತ್ರೆಯನ್ನೂ ಅವರು ನುಂಗಿಸುತ್ತಿದ್ದರು, ಹಾಗಾಗಿ ಎಲ್ಲ ಕೀರ್ತಿ ನಮ್ಮ ನಕ್ಷೆಗೆ ಸೇರಬೇಕಾದ್ದಲ್ಲ.

"ಈಗ ಪ್ರೇಯರ್‌ನಾಗೆ ಕೊನೇಗಂಟ ನಿಂತಿರ್ತಾಳೆ ಮೇಡಂ. ನಿಂತ್ಕಂಡು ಪಕ್ಕದೋಳ ಜೊತೆ ಮಾತಾಡ್ತಾಳೆ ಅಂತ ಮೇಷ್ಟ್ರು ದಿನಾ ಬೈತಾರೆ."