ಬಾಯಿ ಮುಚ್ಚದ ಚೀಲ

ನಮ್ಮ ಮನೆಯ ಬೆಂಚಿನ ಮೇಲೆ ನೀಲಿ ಬಣ್ಣದ ಚೀಲವೊಂದು ಆ ಎಂದು ಬಾಯಿ ಬಿಟ್ಟುಕೊಂಡು ಕೂತಿತ್ತು. ಹಾಳಾದ ಜಿಪ್ಪು! ಎಳೆದರೆ ಸರಾಗವಾಗಿ ಓಡುತ್ತದೆ, ಓಡಿದ ಬೆನ್ನಿಗೇ ಹಲ್ಲುಗಳು ಬಿಟ್ಟುಕೊಳ್ಳುತ್ತವೆ. ಕೊಟ್ಟಿಗೆಹಾರದ ಪೇಟೆಯಲ್ಲಿ ಕೊಡೆ, ರೇನ್‌ಕೋಟು, ಗಮ್‌ಬೂಟು ಮಾರಿಕೊಂಡೇ ತಲೆ ನರೆದವನು ನಾನು; ಸುತ್ತಲ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳ, ಮೇಸ್ತ್ರಿಗಳ ಜರ್ಕಿನ್ನಿನ ಜಿಪ್ಪುಗಳನ್ನು ಮಾತಾಡುತ್ತ ಮಾತಾಡುತ್ತಲೇ ಸರಿಮಾಡಿ ಕೊಟ್ಟವನು. ಅಂಥವನಿಗೆ ಸ್ವಂತ ಮನೆಯ ಚೀಲದ ಬಾಯಿ ಮುಚ್ಚಿಸಲು ಆಗುತ್ತಿಲ್ಲವೆಂದರೆ, ನೀವೇ ಹೇಳಿ, ಯಾರ ಮುಂದೆ ಅಳಲಿ?

ಅದು ಆಸ್ಪತ್ರೆಯ ಚೀಲ. ನನ್ನ ಹೆಂಡತಿ ಸರೋಜಳಿಗೆ ಕ್ಯಾನ್ಸರ್ ಎಂದು ಗೊತ್ತಾದಾಗಿನಿಂದ ನಾವಿಬ್ಬರೂ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆ ಸೇರುವುದು, ಅವಳಿಗೆ ಔಷಧಿ ಏರಿಸಿಕೊಂಡು ಅದೇ ತಿರುವುಗಳನ್ನು ಹತ್ತಿ ಮನೆಗೆ ಬರುವುದು, ಇದೇ ಬದುಕಾಗಿತ್ತು. ಇಳಿಯುವಾಗ ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಹತ್ತುವಾಗ ಪ್ರತಿ ತಿರುವಿನಲ್ಲೂ ವಾಂತಿ. ಇಷ್ಟಾದರೂ ನೋವು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಇನ್ನೊಂದು ಸುತ್ತು ಔಷಧಿ ಕೊಟ್ಟು ನೋಡೋಣ ಎಂದಿದ್ದರು ಡಾಕ್ಟರು. ಈ 'ನೋಡೋಣ' ಎಂಬ ಮಾತಿಗೆ ಜೋತುಬಿದ್ದು ಎಷ್ಟು ಸಂಸಾರಗಳು ಘಾಟಿ ಇಳಿಯುತ್ತವೋ ಶಿವನೇ ಬಲ್ಲ.

ಜಿಪ್ಪು ಕೆಟ್ಟರೆ ಎಲ್ಲರೂ ಬೈಯುವುದು ಹಲ್ಲನ್ನು. ಹಲ್ಲು ಪಾಪ, ಅದರ ಪಾಡಿಗೆ ಅದು ಸಾಲಾಗಿ ಕೂತಿರುತ್ತದೆ. ಹಲ್ಲಿಗೆ ಹಲ್ಲು ಕೂಡಿಸುವ ಪುಟ್ಟ ರನ್ನರೊಂದಿದೆಯಲ್ಲ, ಎಳೆದೆಳೆದು ಅದರ ಬಾಯಿ ಕೂದಲೆಳೆಯಷ್ಟು ಅಗಲವಾದರೆ ಸಾಕು, ಎರಡೂ ಸಾಲು ಅದರೊಳಗೆ ಹೊಕ್ಕು ಹೊರಬಂದರೂ ಒಂದನ್ನೊಂದು ಹಿಡಿಯುವುದಿಲ್ಲ, ಮದುವೆಮನೆಯಲ್ಲಿ ಎದುರಾದ ಮಾತು ಬಿಟ್ಟ ದಾಯಾದಿಗಳ ಹಾಗೆ. ಇನ್ನು ನಮ್ಮ ಕಡೆಯವರ ಬುದ್ಧಿವಂತಿಕೆ ಬೇರೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆಂದು ಚೀಲ, ಬೆಲ್ಟು, ಚಪ್ಪಲಿಗಳನ್ನೆಲ್ಲ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಬೂಷ್ಟೇನೋ ಬರುವುದಿಲ್ಲ, ಆದರೆ ಹೊಗೆಯ ಜಿಡ್ಡು ಹಲ್ಲಿನ ಸಂದಿಗೆ ಇಳಿದು ಜಿಪ್ಪು ಬಿಗಿಯುತ್ತದೆ. ಬಿಗಿಯಿತೆಂದು ಕೊಬ್ಬರಿ ಎಣ್ಣೆ ಬಿಡುತ್ತೇವೆ. ಆ ಎಣ್ಣೆಗೆ ಕಾಫಿ ಕಣದ ಸಿಪ್ಪೆಧೂಳು ಬಂದು ಅಂಟುತ್ತದೆ. ಆಮೇಲೆ ಬಲ ಹಾಕಿ ಎಳೆಯುತ್ತೇವೆ, ರನ್ನರು ಬಾಯಗಲಿಸುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ.

ಎಲ್ಲಕ್ಕಿಂತ ದೊಡ್ಡ ಕಾರಣ ಅತಿಯಾಗಿ ತುರುಕುವುದು. ಆದರೆ ಸರೋಜ ತುರುಕದೆ ಏನು ಮಾಡಿಯಾಳು? ಎಷ್ಟು ದಿನದ ವಾಸವೆಂದು ಹೇಳುವವರು ಯಾರೂ ಇಲ್ಲ. ಹೊದಿಕೆ, ಫ್ಲಾಸ್ಕು, ಲೋಟ, ನನಗೆಂದು ಚಟ್ನಿಪುಡಿ, ಕೂದಲುದುರಿದ ತಲೆಗೆಂದು ಹತ್ತಿಬಟ್ಟೆಯ ಟೊಪ್ಪಿ, ವಾರ್ಡಿನ ಫ್ಯಾನಿನ ಗಾಳಿಗೆ ಶಾಲು. ಮೊದಲ ಸಲ ಅರ್ಧ ಖಾಲಿಯಿದ್ದ ಚೀಲ ಸಲದಿಂದ ಸಲಕ್ಕೆ ಊದುತ್ತ ಹೋಯಿತು, ಅವಳು ಕರಗುತ್ತ ಬಂದಳು. ಕೊನೆಗೆ ನಾನು ಮೊಣಕಾಲೂರಿ ಚೀಲದ ಮೇಲೆ ಕೂತು ಜಿಪ್ಪು ಎಳೆಯಬೇಕಾಗುತ್ತಿತ್ತು. ಆಗ ಅವಳು ನಗುತ್ತಿದ್ದಳು. "ಕುಸ್ತಿ ಗೆದ್ರಾ ಮಾರಾಯ್ರೆ?" ಎನ್ನುತ್ತಿದ್ದಳು. ಈಚೆಗೆ ಆ ನಗುವೂ ನಿಂತಿತ್ತು.

ಹೊಸ ಚೀಲ ತರಬಹುದಿತ್ತು, ನಮ್ಮ ಪಕ್ಕದಂಗಡಿಯಲ್ಲೇ ಸಾಲಾಗಿ ನೇತುಹಾಕಿದ್ದಾರೆ. ನನಗೆ ಹಟ. ಈ ಮನೆಯಲ್ಲಿ ಕೆಟ್ಟದ್ದರಲ್ಲಿ ಒಂದಾದರೂ ನನ್ನ ಕೈಯಿಂದ ಸರಿಯಾಗಲಿ ಎಂಬ ಹಟ. ಸೋಪುನೀರು ಹಾಕಿ ಹಳೆ ಬ್ರಷ್ಷಿನಲ್ಲಿ ಜಿಡ್ಡು ತಿಕ್ಕಿದೆ, ಬಿಸಿಲಿಗಿಟ್ಟು ಒಣಗಿಸಿದೆ, ಹಲ್ಲಿಗೆ ಮೇಣದಬತ್ತಿ ಉಜ್ಜಿದೆ. ರನ್ನರಿನ ಅಂಚನ್ನು ಕಟಿಂಗ್ ಪ್ಲೇಯರಿನಲ್ಲಿ ಆ ಕಡೆ ಒಂಚೂರು, ಈ ಕಡೆ ಒಂಚೂರು ಒತ್ತಿದೆ. ಜೋರಾಗಿ ಒತ್ತಿದರೆ ಅದು ಪಟ್ಟನೆ ಮುರಿಯುತ್ತದೆ, ಮೆಲ್ಲಗೆ ಒತ್ತಿದರೆ ಏನೂ ಆಗುವುದಿಲ್ಲ. ಔಷಧಿಯ ವಿಷಯದಲ್ಲಿ ಡಾಕ್ಟರು ಹೇಳಿದ್ದೂ ಇದೇ ಅಲ್ಲವೇ: ಹೆಚ್ಚು ಕೊಟ್ಟರೆ ದೇಹ ತಡೆಯುವುದಿಲ್ಲ, ಕಡಿಮೆ ಕೊಟ್ಟರೆ ಗಡ್ಡೆ ಬಗ್ಗುವುದಿಲ್ಲ. ಇದು ನೆನಪಾದದ್ದೇ ಪ್ಲೇಯರು ಕೆಳಗಿಟ್ಟು ಸುಮ್ಮನೆ ಅಂಗಳ ನೋಡುತ್ತ ಕೂತುಬಿಟ್ಟೆ. ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ಮೆಲ್ಲಗೆ ಒತ್ತಿ, ಬಟ್ಟೆಬರೆ ತುಂಬಲೆಂದು ಚೀಲವನ್ನು ಸರೋಜಳ ಪಕ್ಕ ಇಟ್ಟೆ.

ಹೊರಡುವ ದಿನ ಬೆಳಿಗ್ಗೆ ಬಾಡಿಗೆ ಜೀಪು ಓಡಿಸುವ ಸುಂದರ ಗಾಡಿಯನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ. ನಾನು ಸ್ನಾನ ಮುಗಿಸಿ ಬಂದು ಚೀಲಕ್ಕೆ ಕೈ ಹಾಕಿದೆ. ಜಿಪ್ಪು ಆ ತುದಿಯಿಂದ ಈ ತುದಿಗೆ ಸರ್ರನೆ ಓಡಿತು, ಒಂದು ಹಲ್ಲೂ ಬಿಡಲಿಲ್ಲ. "ಸರೋಜಾ, ನೋಡಿಲ್ಲಿ!" ಎಂದು ಕೂಗಿದವನು ಚೀಲ ಎತ್ತಿದೆ. ಕೈಗೆ ಭಾರವೇ ಸಿಗಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ನನ್ನದೊಂದು ಟವೆಲ್ಲೂ ಇರಲಿಲ್ಲ.

ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು, ರಾತ್ರಿ ಉಟ್ಟ ಸೀರೆಯಲ್ಲೇ.

"ತುಂಬ್ಲಿಲ್ವಾ?" ಎಂದೆ.

"ಇಲ್ಲ."

"ಯಾಕೆ? ಜಿಪ್ಪು ಸರಿಯಾಯ್ತಲ್ಲ, ನೋಡು."

"ಜಿಪ್ಪು ಸರಿಯಾಯ್ತು. ನಾನು ಬರಲ್ಲ ಮಾರಾಯ್ರೆ, ನಂಗೆ ಸಾಕಾಯ್ತು. ಇರೋ ನಾಲ್ಕು ದಿನ ನನ್ ಮನೇಲಿ ಇರ್ತೀನಿ."

ಆ ಚೀಲ ಅಷ್ಟು ದಿನ ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಮುಚ್ಚಿಸುವುದೊಂದೇ ನನಗೆ ಚಿಂತೆಯಾಗಿತ್ತು. ಈಗ ಇವಳು ಬಾಯಿ ಬಿಟ್ಟಿದ್ದಳು. ಮಕ್ಕಳಿಲ್ಲದ ನಮಗೆ ನೀನು, ನಾನು ಇಬ್ಬರೇ ಅಲ್ಲವೇ ಎನ್ನಬೇಕೆಂದುಕೊಂಡೆ. ಡಾಕ್ಟರು ನೋಡೋಣ ಎಂದಿದ್ದಾರಲ್ಲ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳ ಕಾಲಿನ ಊತ ಕಣ್ಣಿಗೆ ಬಿತ್ತು.

ಹೊರಗೆ ಸುಂದರ ಹಾರ್ನ್ ಮಾಡಿದ. "ಹೊರಡೋಣ್ವಾ ಅಣ್ಣಾ? ಘಾಟಿಲಿ ಮಂಜು ಇಳಿಯೋಕ್ ಮುಂಚೆ ದಾಟ್ಬೇಕು."

ಖಾಲಿ ಚೀಲ ಹಿಡಿದುಕೊಂಡೇ ಬಾಗಿಲಿಗೆ ಹೋದೆ. ಕಣ್ಣು ಮಂಜಾಗಿ ಅವನ ಮುಖ ಕಾಣಲಿಲ್ಲ.

"ಇವತ್ತು ಬೇಡ ಮಾರಾಯ," ಎಂದೆ.

ಒಳಗಿನಿಂದ ಅವಳ ದನಿ ಕೇಳಿಸಿತು. "ಇವತ್ತು ಅನ್ಬೇಡಿ. ಇನ್ನು ಬೇಡ ಅನ್ನಿ."