ಎಂಟು ಸೂಜಿ, ಎರಡು ಎಮ್ಮೆ

ಕೆ.ಆರ್. ಪುರದಿಂದ ಹಲಸೂರು ಕೆರೆಯವರೆಗೆ ನನ್ನಷ್ಟು ಗಟ್ಟಿ ಶರೀರ ಇನ್ನೊಂದಿಲ್ಲ. ಅರವತ್ತಮೂರು ವರ್ಷದಲ್ಲಿ ಒಂದೇ ಒಂದು ಮಾತ್ರೆ ನುಂಗಿದವನಲ್ಲ.

ಇಂದಿರಾನಗರದ ಅಕ್ಯುಪಂಕ್ಚರ್ ಕ್ಲಿನಿಕ್ಕಿನಲ್ಲಿ, ಮಂಡಿನೋವಿಗೆ ಸೂಜಿ ಹಾಕಿಸಿಕೊಳ್ಳಲು ಮಲಗಿ, ಅಲ್ಲಿನ ಡಾಕ್ಟರಿಗೆ ನಾನು ಹೇಳಿದ್ದು ಇದನ್ನೇ.

ಪಾಪ, ಅವರು ಒಂದೊಂದಾಗಿ ಕೇಳಿದರು. ಶುಗರ್? ಇಲ್ಲ. ಬಿ.ಪಿ.? ಇಲ್ಲ. ಹಾರ್ಟ್ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ? ಮೀಸೆ ತಿರುವಿ ನಕ್ಕೆ.

ಏನು ಮಾಡಲಿ, ಪಕ್ಕದ ಮಂಚದಲ್ಲಿ ಮಾರತ್ತಹಳ್ಳಿಯವನೊಬ್ಬ ಮಲಗಿದ್ದ. ನಮ್ಮ ಕಾಲದ ಕಬಡ್ಡಿಯಲ್ಲಿ ನಮ್ಮೂರು ಗರುಡಾಚಾರ್‌ಪಾಳ್ಯದ ಎದುರಾಳಿ. ಅವನ ಕಿವಿಗೆ ಬೀಳುವ ಹಾಗೆ ಕಾಯಿಲೆಯ ಪಟ್ಟಿ ಓದುವುದೇ?

ನಿಜ ಏನೆಂದರೆ... ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಆ ಮಾತ್ರೆಯನ್ನು ದಿನಾ ಮುದ್ದೆ ಉಂಡ ಮೇಲೆ ನುಂಗುತ್ತೇನೆ.

ಎರಡೂ ಮಂಡಿಗೆ ಸೇರಿ ಎಂಟು ಸೂಜಿ. ನಾಲ್ಕು ಸಲ ಹೋದೆ. ನೋವು ನಿಜಕ್ಕೂ ಹಗುರವಾಯಿತು. ಮೂರನೇ ಮಹಡಿಯ ಬಾಡಿಗೆಯವರನ್ನು ಕೆಳಗಿನಿಂದ ಕೂಗಿ ಬೈಯುತ್ತಿದ್ದವನು, ಹತ್ತಿಹೋಗಿ ಬೈಯುವಂತಾದೆ.

ಆದರೆ ಕಾಲ ಮೇಲೆ ನೀಲಿ ಗುರುತುಗಳು ಎದ್ದವು.

ಅದೇ ವಾರ ಹಾರ್ಟ್ ಡಾಕ್ಟರಮ್ಮನ ಹತ್ತಿರ ಚೆಕಪ್. ಕಾಲು ಊದಿದೆಯೇ ನೋಡಲು ಪ್ಯಾಂಟು ಮೇಲೆತ್ತಿಸಿದವರು, ಇದೇನು ಎಂದರು.

ಸೂಜಿ ಎಂದರೆ ಬೈಯುತ್ತಾರೆಂದು, ಎಮ್ಮೆ ಒದೆಯಿತು ಎಂದೆ. ನಮ್ಮ ಕೊಟ್ಟಿಗೆಯ ಜಾಗದಲ್ಲಿ ಪಿಜಿ ಕಟ್ಟಡ ಎದ್ದು ಎಷ್ಟೋ ವರ್ಷವಾಯಿತು... ಆದರೂ ಬಾಯಿಗೆ ಬಂದದ್ದು ಎಮ್ಮೆಯೇ.

ಎರಡೂ ಕಾಲಿಗಾ ಎಂದು ಕೇಳಿದರು.

ಎರಡು ಎಮ್ಮೆ ಎಂದೆ.

ಡಾಕ್ಟರಮ್ಮ ನಗಲಿಲ್ಲ. ಮಾತ್ರೆಯಿಂದಾಗಿ ಒಳಗೆಲ್ಲೋ ರಕ್ತ ಸೋರುತ್ತಿರಬಹುದು ಎಂದು ಅಡ್ಮಿಟ್ ಮಾಡಿಸಿದರು. ರಕ್ತ ತೆಗೆದರು. ಸ್ಕ್ಯಾನ್ ಆಯಿತು, ಇನ್ನೊಂದು ಸ್ಕ್ಯಾನ್ ಆಯಿತು.

ಮರುದಿನ ಬೆಳಿಗ್ಗೆ, ಮಾತ್ರೆ ನಿಲ್ಲಿಸಬೇಕೇ ಎಂಬ ಮಾತು ಬಂತು. ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ ಎಂದೂ ಅವರೇ ಹೇಳುತ್ತಿದ್ದಾರೆ. ಮಲಗಿದ್ದಲ್ಲೇ ನನಗೆ ಬೆವರು. ಬಾಯಿ ಮಾತ್ರ ಬಿಡಲೊಲ್ಲೆ.

ಅಷ್ಟರಲ್ಲಿ ನಮ್ಮನೆಯವಳು ಜಯಮ್ಮ ಬದಲಿ ಬಟ್ಟೆ ತಂದಳು. ಎಮ್ಮೆಯ ಕಥೆ ಅವಳಿಗೆ ನರ್ಸ್ ಆಗಲೇ ಹೇಳಿದ್ದರು. ನಾನು ಬಿಚ್ಚಿಟ್ಟಿದ್ದ ಅಂಗಿಯ ಜೇಬಿಗೆ ಕೈಹಾಕಿ, ಕ್ಲಿನಿಕ್ಕಿನ ಕಾರ್ಡು ತೆಗೆದು ಡಾಕ್ಟರಮ್ಮನ ಕೈಗಿಟ್ಟಳು.

"ಇವ್ರ ಎಮ್ಮೇನ ಇಂದಿರಾನಗರದಲ್ಲಿ ಕಟ್ಟವ್ರೆ ಮೇಡಂ. ಸೋಮವಾರ, ಗುರುವಾರ ಒದೀತದೆ."

ಡಾಕ್ಟರಮ್ಮ ಕಾರ್ಡು ನೋಡಿದರು, ನನ್ನನ್ನು ನೋಡಿದರು.

"ಸೂಜಿ ಹಾಕಿಸ್ಕೊಂಡಿದ್ದಕ್ಕೆ ನಂಗೇನೂ ಬೇಜಾರಿಲ್ಲ ಯಜಮಾನ್ರೇ. ಅಲ್ಲಿ ಮಾತ್ರೆ ಮುಚ್ಚಿಟ್ರಿ, ಇಲ್ಲಿ ಸೂಜಿ ಮುಚ್ಚಿಟ್ರಿ. ಇವತ್ತು ಆ ಮಾತ್ರೆ ನಿಲ್ಲಿಸಿಬಿಟ್ಟಿದ್ರೆ?"

ನಾನು ಹೊದಿಕೆ ಎಳೆದು ಎರಡೂ ಕಾಲು ಮುಚ್ಚಿಕೊಂಡೆ.

ಈಗ ಹಾರ್ಟ್ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಇಂದಿರಾನಗರಕ್ಕೆ ಮೆಟ್ರೋ ಹತ್ತುತ್ತೇನೆ. ಸೂಜಿ ಡಾಕ್ಟರು ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು, ಸೂಜಿ ಕಡಿಮೆ ಮಾಡಿದ್ದಾರೆ. ಮಾತ್ರೆ ತನ್ನ ಪಾಡಿಗೆ ನಡೆದಿದೆ.

ಆಸ್ಪತ್ರೆಗೆ ಎರಡು ಸಾವಿರ ಆಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ... ಮೂವತ್ತೊಂದು ಸಾವಿರದ ಏಳುನೂರು.